ಬನಾ ಬೇಸಾ ಹಾಡಿ ಕಳಿಸಿದ ಇಬ್ಬರು ಎಂಪಿಗಳು

ಬನಾ ಬೇಸಾ ಬೋಂಡ ಕರಿದು ಹೊಟ್ಟೆ ಹೊರೆದಳು, ಹಾಡು ಹೇಳಿ ಹೆಸರು ಮಾಡಿದಳು. ಬಂಗ್ವೆಯುಲು ಸರೋವರದ ದಡದ ಚಿಫುಂಟಾ ಪೇಟೆಯಲ್ಲಿ, ಬೆಳಗಿನ ದೋಣಿಗಳು ಮರಳಿಗೆ ತಾಗುವ ಹೊತ್ತಿಗೆ ಅವಳ ಬಾಣಲೆಯ ಎಣ್ಣೆ ಕಾದಿರುತ್ತಿತ್ತು. ಎನ್ಕಾಂಡು ಎಂಬ ಅವಳ ಸ್ವಂತ ಹೆಸರು ಊರಿಗೆ ಮರೆತೇಹೋಗಿತ್ತು. ಮಗಳು ಬೇಸಾ ಹುಟ್ಟಿದ ದಿನದಿಂದ ಅವಳು ಬೇಸಾಳ ತಾಯಿ, ಬನಾ ಬೇಸಾ. ಮಗಳು ಮದುವೆಯಾಗಿ ತಾಮ್ರದ ಗಣಿಗಳ ಕಡೆ ಹೋಗಿ ಎಷ್ಟೋ ಕಾಲವಾದರೂ ಆ ಹೆಸರೇ ಉಳಿಯಿತು.

ಮದುವೆಯಿರಲಿ, ಸಾವಿರಲಿ, ಭಾನುವಾರದ ಪ್ರಾರ್ಥನೆಯಿರಲಿ, ಹಾಡು ಎತ್ತಿಕೊಡಬೇಕಾದವಳು ಅವಳೇ. ಮೊದಲ ಸಾಲು ಎಳೆದರೆ ಸಾಕು, ಉಳಿದ ಹೆಂಗಸರು ಹಿಂದೆ ಬಂದುಬಿಡುತ್ತಿದ್ದರು. ಚುನಾವಣೆ ಬಂತೆಂದರೆ ಮಾತ್ರ ಬಾಣಲೆ ಮೂಲೆ ಸೇರುತ್ತಿತ್ತು. ಹುರಿಯಾಳಿನ ಮುಖ ಅಚ್ಚಾದ ಚಿತೇಂಗೆ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಲಾರಿಯ ಮೇಲೆ ಹತ್ತಿ, ದೂಳು ಕುಡಿಯುತ್ತ ಹಳ್ಳಿ ಹಳ್ಳಿ ತಿರುಗಿ ಹಾಡುತ್ತಿದ್ದಳು. ಹೆಸರು ಹೇಳಿದರೆ ಸಾಕು, ಆ ಹೆಸರಿಗೆ ಅಲ್ಲೇ ಹಾಡು ಕಟ್ಟುತ್ತಿದ್ದಳು.

ಬಾ ಮಕಾಸಾ, ಅಂದರೆ ಮಕಾಸಾ ಅವರು, ಎರಡು ಸಲ ಸಂಸತ್ತಿಗೆ ಹೋದದ್ದು ಅವಳ ಹಾಡು ಹತ್ತಿಕೊಂಡೇ ಎಂದು ಪೇಟೆಯವರು ಹೇಳುತ್ತಿದ್ದರು. ಅಗಲ ಎದೆಯ, ಗಟ್ಟಿ ನಗೆಯ ಮನುಷ್ಯ. ಯಾರ ಮನೆಯಲ್ಲಿ ಹೆಣ ಬಿದ್ದರೂ ಬಂದು ಗಂಡಸರ ಜೊತೆ ಬೆಂಕಿಯ ಸುತ್ತ ಕೂರುತ್ತಿದ್ದ. ಅಂಥವನು ಎರಡನೆಯ ಸಲ ಗೆದ್ದ ಮೇಲೆ ರಾಜಧಾನಿ ಲುಸಾಕಾದಲ್ಲಿ ತೀರದ ಕಾನೂನು ಬಂತು. ಸರೋವರದ ದಡವನ್ನೆಲ್ಲ ಒಂದು ಮಂಡಳಿಯ ಕೈಗೆ ಒಪ್ಪಿಸುವುದು, ಮಂಡಳಿ ಅದನ್ನು ಮೀನು ಸಾಕುವ ಕಂಪನಿಗಳಿಗೆ ಗುತ್ತಿಗೆ ಕೊಡುವುದು. ಆ ದಡದ ಮರಳಿನ ಮೇಲೆಯೇ ಚಿಫುಂಟಾದ ಹೆಂಗಸರು ಚಿಸೆನ್ಸೆ ಎಂಬ ಬೆರಳುದ್ದದ ಮೀನನ್ನು ಚಾಪೆಗಳಲ್ಲಿ ಹರವಿ ಒಣಗಿಸುತ್ತಿದ್ದದ್ದು. ಗಂಡಸರು ಹಿಡಿದದ್ದನ್ನು ಹೆಂಗಸರು ಒಣಗಿಸದಿದ್ದರೆ ಸಂಜೆಯೊಳಗೆ ಕೊಳೆಯುತ್ತದೆ. ಸಂಸತ್ತಿನಲ್ಲಿ ಮತ ಕೇಳಿದಾಗ ಮಕಾಸಾ "ಹೌದು" ಎಂದ. ಪೇಟೆಯ ದರ್ಜಿ ಸಂಸತ್ತಿನ ರೇಡಿಯೊವನ್ನು ಇಡೀ ದಿನ ಹಚ್ಚಿಟ್ಟಿರುತ್ತಿದ್ದ. ಹಾಗಾಗಿ ಮಕಾಸಾ ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು.

ಅಂದು ಬನಾ ಬೇಸಾ ಅವನ ಮುಖದ ಬಟ್ಟೆಯನ್ನು ಹರಿದು ಬಾಣಲೆ ಒರೆಸುವ ಚಿಂದಿ ಮಾಡಿಕೊಂಡಳು.

ಮುಂದಿನ ಚುನಾವಣೆಗೆ ಮಕಾಸಾನ ಎದುರು ನಿಂತವನು ಕಟೊಂಗೊ. ಬನಾ ಬೇಸಾಳ ತೀರಿಹೋದ ಅಕ್ಕನ ಮಗ. ಅಲ್ಲಿಯವರ ಲೆಕ್ಕದಲ್ಲಿ ಅಕ್ಕನ ಮಗ ಎಂದರೆ ತನ್ನ ಮಗನೇ. ಹಾಲು ಬಿಡಿಸಿದಾಗಿನಿಂದ ಅವಳ ಮಡಿಲಲ್ಲೇ ಬೆಳೆದವನು, ಅವಳನ್ನು "ಮಾಯೊ", ಅಮ್ಮ, ಎಂದೇ ಕರೆದವನು. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಸಣ್ಣವನಿದ್ದಾಗ ಗದರಿದರೆ ಅಳುತ್ತಿರಲಿಲ್ಲ, ಎಲ್ಲಾದರೂ ಹೋಗಿ ಅಡಗಿಕೊಳ್ಳುತ್ತಿದ್ದ. ಮನ್ಸಾ ಪಟ್ಟಣದಲ್ಲಿ ಮೇಷ್ಟ್ರಾಗಿದ್ದವನು ಕೆಲಸ ಬಿಟ್ಟು, ಯಾವ ಪಕ್ಷಕ್ಕೂ ಸೇರದೆ, ತೀರದ ಕಾನೂನನ್ನು ತೆಗೆಸುತ್ತೇನೆ ಎಂಬ ಒಂದೇ ಮಾತು ಹಿಡಿದು ನಿಂತ. ಬನಾ ಬೇಸಾ ಮತ್ತೆ ಲಾರಿ ಹತ್ತಿದಳು.

"ಮಕಾಸಾ ಕೈ ಎತ್ತಿದ, ಮರಳು ಕೈ ಜಾರಿತು. ಕಟೊಂಗೊ ಕೈ ಎತ್ತಲಿ, ಮರಳು ಮರಳಿ ಬರಲಿ!"

ಆ ಹಾಡು ದೋಣಿ ಹತ್ತಿ ದ್ವೀಪಗಳಿಗೂ ಹೋಯಿತು. ಕಟೊಂಗೊ ಗೆದ್ದ. ಗೆದ್ದ ದಿನ ಅವನು ಎಲ್ಲರೆದುರು ಅವಳ ಮುಂದೆ ಮೊಣಕಾಲೂರಿ ಚಪ್ಪಾಳೆ ತಟ್ಟಿ ನಮಸ್ಕರಿಸಿದ. ಅವಳಿಗೆ ಅಳು ಬಂತು, ಅಳುತ್ತಲೇ ಹಾಡಿದಳು.

ಆಮೇಲೆ ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು. ಮರಳಿನ ಬಗ್ಗೆ ಸುದ್ದಿಯಿಲ್ಲ. ಕಂಪನಿಯವರು ಮಾತ್ರ ಆಗಾಗ ಬಂದು ದಡ ಅಳೆದು ಹೋಗುತ್ತಿದ್ದರು. ಚಿಸೆನ್ಸೆ ಒಣಗಿಸುವ ಹೆಂಗಸರ ಗುಂಪಿಗೆ ಬನಾ ಮುಲೆಂಗಾ ಎಂಬವಳು ಮುಖ್ಯಸ್ಥೆ. ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳು ಬೋಂಡ ಕೊಳ್ಳಲು ಬಂದಾಗಲೆಲ್ಲ ಕೇಳುತ್ತಿದ್ದಳು:

"ನಿನ್ ಮಗ ಕೈ ಎತ್ತಿದ್ನಾ, ಇಲ್ಲ ಅಲ್ಲಿ ಚಳಿ ಅಂತ ಜೇಬಲ್ಲಿ ಇಟ್ಕೊಂಡಿದಾನಾ?"

"ಎತ್ತಾನೆ ಕಣೇ. ಗದ್ದಲ ಮಾಡೋ ಜಾತಿ ಅಲ್ಲ ಅವ್ನು."

ಆಗಲೇ ಮುತಿಂತಾ ಬಂದದ್ದು. ದಕ್ಷಿಣದ ಕಡೆಯ ಹುಡುಗಿ, ಊರಿನ ಸಣ್ಣ ರೇಡಿಯೊ ಕೇಂದ್ರದಲ್ಲಿ ಕಾರ್ಯಕ್ರಮ ನಡೆಸುವವಳು. ಬೋಂಡ ತಿನ್ನುತ್ತಲೇ ವಿಷಯ ಹೇಳಿದಳು. ಸಂಸತ್ತಿನಲ್ಲಿ ಯಾರು ಯಾವುದಕ್ಕೆ ಹೇಗೆ ಮತ ಹಾಕಿದರು ಎಂಬುದನ್ನು ಸಂಸತ್ತೇ ಪ್ರಕಟಿಸುತ್ತದೆ. ನಮ್ಮ ಹಳೆಯ ಎಂಪಿ, ಹೊಸ ಎಂಪಿ, ಇಬ್ಬರದನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತೇವೆ. ಇಬ್ಬರಿಗೂ ಹಾಡಿದವರು ನೀವು. ಬಂದು ಕೂತುಕೊಳ್ಳಿ.

ಬನಾ ಬೇಸಾಗೆ ಒಳಗೊಳಗೇ ಹಿಗ್ಗು. ಮಗನ ಕೆಲಸ ಊರಿಗೆ ಗೊತ್ತಾಗಲಿ ಎಂದುಕೊಂಡಳು. ಇಗರ್ಜಿಗೆ ಉಡುವ ಬಟ್ಟೆ ಉಟ್ಟು, ತಲೆವಸ್ತ್ರ ಬಿಗಿದು ಹೋದಳು. ಪೇಟೆಯಲ್ಲಿ ದರ್ಜಿ ರೇಡಿಯೊವನ್ನು ಅಂಗಡಿಯ ಹೊರಗೆ ತಂದಿಟ್ಟ.

ಮುತಿಂತಾ ಒಂದೊಂದಾಗಿ ಓದಿದಳು. ಶಾಲಾ ಮಕ್ಕಳ ನೆರವಿನ ಹಣ ಕಡಿಮೆ ಮಾಡುವುದಕ್ಕೆ ಮಕಾಸಾ "ಹೌದು". ಅದೇ ಮತ್ತೆ ಬಂದಾಗ ಕಟೊಂಗೊ "ಹೌದು". ಎಂಪಿಗಳ ಭತ್ಯೆ ಏರಿಸುವುದಕ್ಕೆ ಮಕಾಸಾ "ಹೌದು", ಕಟೊಂಗೊ "ಹೌದು". ಬನಾ ಬೇಸಾ ಕುರ್ಚಿಯಲ್ಲಿ ಮಿಸುಕಾಡಿದಳು.

"ಈಗ ತೀರದ ಕಾನೂನು," ಎಂದಳು ಮುತಿಂತಾ. "ಬಾ ಮಕಾಸಾ, ಹೌದು. ಹೋದ ಅಧಿವೇಶನದಲ್ಲಿ ಬಂದ ಮಸೂದೆಗೆ ಬಾ ಕಟೊಂಗೊ, ಇಲ್ಲ."

ಬನಾ ಬೇಸಾ ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆದಳು. "ಕೇಳಿದ್ರಾ! ಅವ್ನು ಹೌದು ಅಂದ, ನನ್ ಮಗ ಇಲ್ಲ ಅಂದ! ನಾನ್ ಹೇಳ್ಲಿಲ್ವಾ? ಬನಾ ಮುಲೆಂಗಾ, ಕೇಳಿಸ್ತಾ ನಿಂಗೆ?" ಅವಳ ಬಾಯಲ್ಲಿ ಸಂತೋಷದ ಉಲಿ ತಾನಾಗಿ ಹೊರಟು ಪೇಟೆಯ ತುಂಬ ಕೇಳಿಸಿತು.

ಮುತಿಂತಾ ದನಿ ತಗ್ಗಿಸಿ, "ಮಾಯೊ," ಎಂದಳು. "ಎರಡನೇದು ಆ ಕಾನೂನನ್ನ ತೆಗೆದುಹಾಕೋ ಮಸೂದೆ. ಅದನ್ನ ಈಗಲೇ ಚರ್ಚೆಗೆ ತಗೋಬೇಕಾ ಅಂತ ಕೇಳಿದ್ರು. ಅದಕ್ಕೆ ಅವ್ರು ಇಲ್ಲ ಅಂದಿದಾರೆ."

"ಅಂದ್ರೆ?"

"ಅಂದ್ರೆ... ಇಬ್ರೂ ಹೇಳಿದ್ದು ಒಂದೇ, ಮಾಯೊ. ಕಾನೂನು ಇರ್ಲಿ ಅಂತ."

ಬನಾ ಬೇಸಾ ಬಾಯಿ ತೆರೆದಳು. ಏನೂ ಬರಲಿಲ್ಲ. ರೇಡಿಯೊದಲ್ಲಿ ಆ ಮೌನ ಎಷ್ಟು ಉದ್ದವಿತ್ತೆಂದರೆ, ದರ್ಜಿ ಬ್ಯಾಟರಿ ಹೋಯಿತೆಂದುಕೊಂಡು ಡಬ್ಬಿಯನ್ನು ಕುಟ್ಟಿದನಂತೆ.

ಅವಳು ಮನೆಗೆ ಹೋಗಿ ಸೊಂಟದ ಬಟ್ಟೆಯ ಗಂಟಿನಿಂದ ಫೋನು ತೆಗೆದು ಮಗನಿಗೆ ಹಚ್ಚಿದಳು.

"ಮಾಯೊ, ಆ ರೇಡಿಯೊದವರ ಮಾತು ಕೇಳ್ಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಕೇಳ್ಲಿಲ್ಲಪ್ಪಾ. ಒಳಗೇ ಕೂತಿದ್ದೆ."

ಅವನು ಮೇಷ್ಟ್ರ ದನಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ. ಅದು ಯಾವಾಗ ಚರ್ಚೆ ಮಾಡುವುದು ಎಂಬ ಮತ, ಅಷ್ಟೆ. ನಿಜವಾದ ಮತ ಮುಂದಿನ ಅಧಿವೇಶನದಲ್ಲಿದೆ. ಸರ್ಕಾರದವರು ಚಿಫುಂಟಾಕ್ಕೆ ಟಾರು ರಸ್ತೆ ಕೊಡುತ್ತೇವೆ ಎಂದಿದ್ದಾರೆ, ಯಂತ್ರ ಆಗಲೇ ಬಂದು ನಿಂತಿದೆ. ಈಗ ಅವರನ್ನು ಕೆಣಕಿದರೆ ರಸ್ತೆಯೂ ಹೋಗುತ್ತದೆ. "ರಸ್ತೆ ಇಲ್ದೆ ಬಸುರಿ ಹೆಂಗಸ್ರು ದಾರೀಲೇ ಸಾಯ್ತಾರೆ ಮಾಯೊ. ನನ್ನ ಹೆತ್ತಮ್ಮನ ಎರಡನೇ ಹೆರಿಗೆ ನಿಂಗೆ ನೆನಪಿಲ್ವಾ?"

ನೆನಪಿತ್ತು. "ಊಟ ಮಾಡಿದ್ಯಾ?" ಎಂದು ಕೇಳಿ ಫೋನಿಟ್ಟಳು.

ಮರುದಿನ ಬೋಂಡಕ್ಕೆ ಬಂದವರೆಲ್ಲ ನಗುತ್ತ ಬಂದರು. ಮೀನು ಹೊರುವವರು ಅವಳ ಹಾಡನ್ನೇ ತಿರುಚಿ, "ಮಕಾಸಾ ಕೈ ಎತ್ತಿದ, ಕಟೊಂಗೊನೂ ಎತ್ತಿದ, ಬನಾ ಬೇಸಾ ಕಾಲೆತ್ತಿ ಕುಣಿದ್ಲು!" ಎಂದು ಹಾಡಿದರು. ಅವಳು ತಲೆ ಬಗ್ಗಿಸಿ ಹಿಟ್ಟು ಕಲೆಸಿದಳು. ಬನಾ ಮುಲೆಂಗಾ ಮಾತ್ರ ನಗಲಿಲ್ಲ. ಅವರನ್ನು ಬೈದು ಅಟ್ಟಿ ಸುಮ್ಮನೆ ಪಕ್ಕದಲ್ಲಿ ಕೂತಳು.

ಹೊತ್ತು ಏರಿದ ಮೇಲೆ ಬಾ ಮಕಾಸಾ ಬಂದ. ಸೋತ ಮೇಲೆ ಅವನು ಈ ಕಡೆ ತಲೆ ಹಾಕಿರಲಿಲ್ಲ. ಈಗ ದೋಣಿ ಇಂಜಿನಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ. ಎದೆ ಸ್ವಲ್ಪ ಇಳಿದಿತ್ತು, ನಗೆ ಹಾಗೇ ಇತ್ತು. ಬೆಂಚಿನ ಮೇಲೆ ಕೂತು ಬೋಂಡ ಕೇಳಿದ.

"ನಗೋಕ್ ಬಂದ್ರಾ?" ಎಂದಳು ಬನಾ ಬೇಸಾ.

"ನಗೋಣ ಅಂತಾನೇ ಹೊರಟೆ, ಬನಾ ಬೇಸಾ. ದಾರೀಲಿ ನಗು ಬರ್ಲಿಲ್ಲ." ಬೋಂಡವನ್ನು ಮುರಿದು ಹಬೆ ಹೋಗಲು ಬಿಟ್ಟ. "ಹುಡುಗನಿಗೆ ರಸ್ತೆ ಕೊಡ್ತೀವಿ ಅಂದಿರ್ಬೇಕು?"

ಅವಳು ಜಾಲರಿ ಸೌಟನ್ನು ಕೈಯಲ್ಲೇ ಹಿಡಿದು ನಿಂತಳು.

"ನಂಗೂ ಅದೇ ರಸ್ತೆ ತೋರ್ಸಿದ್ರು. ಅದೇ ಯಂತ್ರ. ಅದರ ಹಳದಿ ಬಣ್ಣ ಕೂಡ ಬದಲಾಗಿಲ್ಲ. ನಿಂಗೆ ಹೇಳೋಣ ಅನ್ಕೊಂಡಿದ್ದೆ ಆಗ. ನೀನು ಆಗಲೇ ಲಾರಿ ಹತ್ಬಿಟ್ಟಿದ್ದೆ."

"ಹಾಗಾದ್ರೆ ಅಲ್ಲಿ ಯಾರ್ ಹೋದ್ರೂ ಇಷ್ಟೇನಾ?"

"ಗೊತ್ತಿಲ್ಲಮ್ಮ. ಬೇರೆಯವ್ರು ಏನ್ಮಾಡ್ತಾರೋ. ಮತದ ಗಂಟೆ ಹೊಡೆದಾಗ ನಾನು ಹಾಗ್ಮಾಡಿದೆ, ಅಷ್ಟೇ ಗೊತ್ತು." ತಿಂದು ಕೈ ಒರೆಸಿಕೊಂಡು ಎದ್ದ. ಅವನನ್ನು ಬಯ್ಯಬೇಕೆಂದು ಎಷ್ಟೋ ಕಾಲದಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅವಳ ನಾಲಿಗೆಗೆ ಬರಲಿಲ್ಲ. ಅವನು ಹೋಗುವುದನ್ನು ನೋಡುತ್ತಿದ್ದಳು.

ಮುಂದಿನ ಅಧಿವೇಶನಕ್ಕೆ ಮಸೂದೆ ಮತ್ತೆ ಬರುತ್ತದೆ ಎಂದು ಮುತಿಂತಾ ಹೇಳಿದಾಗ ಉಪಾಯ ಹೊಳೆದದ್ದು ಬನಾ ಮುಲೆಂಗಾಗೆ. "ನೀನೇ ಹೋಗಿ ಅವನ ಕಣ್ಮುಂದೆ ಕೂತ್ಕೋ. ತಾಯಿ ಮುಖ ನೋಡ್ಕೊಂಡು ಅದ್ಹೇಗೆ ಇಲ್ಲ ಅಂತಾನೆ, ನೋಡೇಬಿಡಣ." ಹೆಂಗಸರು ಬಸ್ಸಿನ ಖರ್ಚು ಹೊಂದಿಸಿದರು, ದಾರಿಗೆ ಕಡಲೆಕಾಯಿ ಪುಡಿ, ಬೇಯಿಸಿದ ಗೆಣಸು ಕಟ್ಟಿಕೊಟ್ಟರು. ಇಬ್ಬರೂ ಹೊರಟರು.

ಲುಸಾಕಾದ ಸಂಸತ್ತಿನಲ್ಲಿ ನೋಡುವವರಿಗೆಂದು ಮೇಲೆ ಬಾಲ್ಕನಿಯಿದೆ. ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟವನು ಹೇಳಿ ಕಳಿಸಿದ: ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಎದ್ದು ನಿಲ್ಲಬಾರದು.

"ಹಾಡಬಹುದಾ?" ಎಂದಳು ಬನಾ ಮುಲೆಂಗಾ.

ಅವನಿಗೆ ನಗು ಬಂತು, ಆದರೆ ನಗುವುದಕ್ಕೂ ಅಲ್ಲಿ ಅಪ್ಪಣೆ ಇರಲಿಲ್ಲವೇನೋ.

ಕೆಳಗೆ ಹಸಿರು ನೆಲಹಾಸು, ಸಾಲು ಸಾಲು ಕುರ್ಚಿ. ಕಟೊಂಗೊ ಹಿಂದಿನ ಸಾಲಿನಲ್ಲಿ ಕಾಗದ ತಿರುವುತ್ತ ಕೂತಿದ್ದ. ಅವನ ಕೋಟು ಹೆಗಲ ಮೇಲೆ ಸರಿಯಾಗಿ ಕೂತಿಲ್ಲ ಎಂದು ಅವಳಿಗೆ ಅನಿಸಿತು. ತೀರದ ಕಾನೂನಿನ ಬಗ್ಗೆ ಯಾರ್ಯಾರೋ ಎದ್ದು ಮಾತಾಡಿದರು. ಮರಳು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. "ಹೂಡಿಕೆ" ಎಂದರು, "ವಲಯ" ಎಂದರು. ಒಮ್ಮೆ ಕಟೊಂಗೊ ತಲೆಯೆತ್ತಿದಾಗ ಮೇಲೆ ಕೂತ ಅವಳು ಕಣ್ಣಿಗೆ ಬಿದ್ದಳು. ಅವನು ಕೈ ಬೀಸಲಿಲ್ಲ. ಕಾಗದ ಕೆಳಗಿಟ್ಟ.

ಗಂಟೆ ಹೊಡೆಯತೊಡಗಿತು. ಹೊರಗಿದ್ದವರೆಲ್ಲ ಒಳಗೆ ಬರಲಿ ಎಂದು ಬಾರಿಸುವ ಗಂಟೆ. ಎಲ್ಲರೂ ಒಳಗೆ ನುಗ್ಗುತ್ತಿದ್ದಾಗ ಒಬ್ಬನೇ ಒಬ್ಬ ಎದ್ದು ಆ ಗುಂಪಿಗೆ ಎದುರಾಗಿ ಹೊರಗೆ ನಡೆದ. ಅದು ಕಟೊಂಗೊ. ಗಂಟೆ ನಿಂತಿತು. ಬಾಗಿಲು ಹಾಕಿದರು.

"ಎಲ್ಲಿಗ್ ಹೋದ? ಬರ್ತಾನಾ?" ಬನಾ ಮುಲೆಂಗಾ ಪಿಸುಗುಟ್ಟಿದಳು. ಕೈಗವಸಿನವನು ಬೆರಳು ತುಟಿಗಿಟ್ಟುಕೊಂಡ.

ಗೋಡೆಯ ಮೇಲಿನ ಫಲಕದಲ್ಲಿ ಹೆಸರುಗಳ ಮುಂದೆ ಬಣ್ಣಗಳು ಹೊತ್ತಿಕೊಂಡವು. ಕಾನೂನು ತೆಗೆಯಲು ಹಸಿರೆಂದರೆ ಹೌದು, ಕೆಂಪೆಂದರೆ ಇಲ್ಲ. ಕೆಂಪು ಜಾಸ್ತಿ, ಬಹಳ ಜಾಸ್ತಿ. ಬನಾ ಬೇಸಾ ಓದು ಕಲಿತದ್ದು ಕಡಿಮೆ, ಆದರೂ ಕಟೊಂಗೊನ ಹೆಸರಿನ ಆಕಾರ ಅವಳಿಗೆ ಚುನಾವಣೆಯ ಬಟ್ಟೆಯಿಂದ ಗೊತ್ತಿತ್ತು. ಹುಡುಕಿ ಹಿಡಿದಳು. ಅದರ ಮುಂದೆ ಯಾವ ಬಣ್ಣವೂ ಇರಲಿಲ್ಲ.

ಅವಳ ಎದೆಯಲ್ಲಿ ಏನೋ ಮೇಲೆದ್ದು ಗಂಟಲಿಗೆ ಬಂತು. ಇಡೀ ಜೀವಮಾನದಲ್ಲಿ ಹಾಗೆ ಬಂದದ್ದನ್ನೆಲ್ಲ ಅವಳು ಹೊರಗೆ ಬಿಟ್ಟವಳು. ಇಲ್ಲಿ ಕೈಯನ್ನು ಬಾಯಿಗೆ ಒತ್ತಿ ಹಿಡಿದು ಕೂತಳು.

ಹೊರಗೆ ಮರದ ಕೆಳಗೆ ಅವನು ಕಾಯುತ್ತಿದ್ದ. ಮೊಣಕಾಲೂರಲು ಹೋದವನನ್ನು ಅವಳು ತೋಳು ಹಿಡಿದು ತಡೆದಳು.

"ನಾನು ನಿನ್ ವಿರುದ್ಧ ಗುಂಡಿ ಒತ್ಲಿಲ್ಲ, ಮಾಯೊ."

"ನನ್ ಪರವಾಗಿ ಒತ್ತಿದ್ಯಾ?"

"ಒತ್ತಿದ್ರೂ ಸೋಲ್ತಿತ್ತು. ಅವ್ರ ಕಡೆ ಎಷ್ಟು ಜನ ಇದಾರೆ ನೋಡಿದ್ಯಲ್ಲ. ನನ್ನೊಬ್ಬನಿಂದ ಏನಾಗ್ತಿತ್ತು?"

"ಅಲ್ವೋ, ನಿನ್ನೊಬ್ಬನಿಂದ ಏನಾಗಲ್ಲ ಅಂದ್ರೆ ನಮ್ಮನ್ ಯಾಕ್ ಬಿಸಿಲಲ್ಲಿ ಕುಣಿಸ್ದೆ?" ಎಂದಳು ಬನಾ ಮುಲೆಂಗಾ.

ಬನಾ ಬೇಸಾ ಕೇಳಿದಳು. "ಎಲ್ಲಿದ್ದೆ?"

"ಪಾಯಿಖಾನೇಲಿ. ಗಂಟೆ ನಿಲ್ಲೋವರ್ಗೂ ಚಿಲಕ ಹಾಕ್ಕೊಂಡು ನಿಂತಿದ್ದೆ. ಅವ್ರು ಹೇಳಿದ ಹಾಗೆ ಒತ್ಬೇಕು ಅಂತಾನೇ ಬಂದಿದ್ದೆ, ಮಾಯೊ. ನೀನು ಮೇಲೆ ಕೂತಿದ್ದೆ. ಆಗ್ಲಿಲ್ಲ."

ಅವಳು ಅವನ ಕೋಟಿನ ಹೆಗಲು ಎಳೆದು ಸರಿಮಾಡಿದಳು. ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಇವನಿಗಾಗಿ ಊರನ್ನೇ ಕುಣಿಸಿದೆ, ಊರಿಗಾಗಿ ಇವನನ್ನು ಈ ಸ್ಥಿತಿಗೆ ತಂದೆ, ಎರಡೂ ಕಡೆ ಏನೂ ಆಗಲಿಲ್ಲ ಎಂದು ಬಸ್ಸಿನಲ್ಲಿ ಬರುವಾಗ ಅನಿಸಿತು. ಹೆಂಗಸರು ಕಟ್ಟಿಕೊಟ್ಟ ಗೆಣಸಿನಲ್ಲಿ ಉಳಿದಿದ್ದದ್ದನ್ನು ಇಬ್ಬರೂ ಬಿಚ್ಚಲಿಲ್ಲ.

ಮುತಿಂತಾ ಮತ್ತೆ ರೇಡಿಯೊದಲ್ಲಿ ಇಬ್ಬರ ಮತಗಳನ್ನು ಓದಿದಳು. ಕಟೊಂಗೊನ ಹೆಸರಿನ ಮುಂದೆ "ಗೈರುಹಾಜರು". ಗೈರುಹಾಜರು ಎಂದರೆ ಹೌದೋ ಇಲ್ಲವೋ ಎಂದು ಪೇಟೆಯಲ್ಲಿ ವಾದ ನಡೆಯಿತು. ಮಕಾಸಾನಾದರೂ ಎದುರು ನಿಂತು ಬಾಯಿಬಿಟ್ಟು ಹೇಳಿದ ಎಂದರು ಕೆಲವರು. ಇವನಿಗೆ ಸ್ವಲ್ಪವಾದರೂ ನಾಚಿಕೆಯಾಯಿತಲ್ಲ ಎಂದರು ಕೆಲವರು. ಬನಾ ಬೇಸಾಳನ್ನು ಮತ್ತೆ ಕಾರ್ಯಕ್ರಮಕ್ಕೆ ಕರೆದಾಗ ಅವಳು ಕೈ ಮುಗಿದು ಬೇಡ ಎಂದಳು. ಸರ್ಕಾರದವರಿಗೆ ವಾದದ ಗೊಡವೆಯಿರಲಿಲ್ಲ. ರಸ್ತೆ ಬದಿಯ ಹಳದಿ ಯಂತ್ರವನ್ನು ಒಂದು ಬೆಳಿಗ್ಗೆ ದೊಡ್ಡ ಲಾರಿಗೆ ಹತ್ತಿಸಿಕೊಂಡು ಹೋದರು.

ಬೇಸಿಗೆ ಶುರುವಾದಾಗ ಕಂಪನಿಯವರು ಕಂಬ, ತಂತಿ ತಂದು ದಡಕ್ಕೆ ಇಳಿಸಿದರು. ಸುದ್ದಿ ಕೇಳಿ ಹೆಂಗಸರೆಲ್ಲ ಓಡಿ ಬಂದು, ಒಣಗುತ್ತಿದ್ದ ಮೀನಿನ ಪಕ್ಕದಲ್ಲಿ ಸಾಲಾಗಿ ನಿಂತರು. ಪೊಲೀಸರು ಅತ್ತ ನಿಂತಿದ್ದರು, ಅವರಲ್ಲೂ ಇಬ್ಬರು ಊರಿನ ಹುಡುಗರೇ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಎಲ್ಲರೂ ಬನಾ ಬೇಸಾಳ ಕಡೆ ತಿರುಗಿದರು.

"ಎತ್ಕೊಡೇ," ಎಂದಳು ಬನಾ ಮುಲೆಂಗಾ. "ಏನಾದ್ರೂ ಎತ್ಕೊಡು. ಹಾಡಿದ್ರೆ ನಿಂತ್ಕೋತೀವಿ."

ಬನಾ ಬೇಸಾ ಉಸಿರೆಳೆದುಕೊಂಡಳು. ರಾಗ ಬಂತು. ಮೊದಲ ಸಾಲಿಗೆ ಒಂದು ಹೆಸರು ಬೇಕಿತ್ತು. ಈವರೆಗೆ ಅವಳು ಕಟ್ಟಿದ ಹಾಡುಗಳೆಲ್ಲ ಯಾರದೋ ಹೆಸರಿನಿಂದಲೇ ಶುರುವಾಗಿದ್ದವು. ಈಗ ಯಾವ ಹೆಸರು ಹಿಡಿದು ಕರೆಯಬೇಕು? ಎಳೆದುಕೊಂಡ ಉಸಿರು ಹಾಗೇ ಹೊರಗೆ ಹೋಯಿತು. ಇನ್ನೊಮ್ಮೆ ಎಳೆದುಕೊಂಡಳು. ಹೆಂಗಸರು ಕಾದರು. ಕಂಬದ ಗುಂಡಿ ತೋಡುವವನ ಹಾರೆಯ ಸದ್ದು ಮಾತ್ರ ಕೇಳುತ್ತಿತ್ತು.

"ಬರ್ತಿಲ್ಲ ಕಣೇ," ಎಂದಳು.

ಬನಾ ಮುಲೆಂಗಾ ಬಗ್ಗಿ ತನ್ನ ಚಾಪೆಯ ತುದಿ ಹಿಡಿದಳು. ಒಬ್ಬೊಬ್ಬರಾಗಿ ಉಳಿದವರೂ ಬಗ್ಗಿದರು. ಅರ್ಧ ಒಣಗಿದ ಮೀನನ್ನು ಚಾಪೆಯ ಸಮೇತ ಹೊತ್ತು ಪೇಟೆಯ ಹಿಂದಿನ ಕಲ್ಲುನೆಲಕ್ಕೆ ಸಾಗಿಸಿದರು. ಬನಾ ಬೇಸಾನೂ ಒಂದು ಚಾಪೆಯ ಮೂಲೆ ಹಿಡಿದಳು.

ಕಲ್ಲುನೆಲದಲ್ಲಿ ಚಿಸೆನ್ಸೆ ಸರಿಯಾಗಿ ಒಣಗುವುದಿಲ್ಲ. ದೂಳು ಕೂತು ಕಪ್ಪಾಗುತ್ತದೆ, ಗಣಿ ಊರುಗಳಿಂದ ಬರುವ ವ್ಯಾಪಾರಿಗಳು ಮೂಸಿ ನೋಡಿ ಅರ್ಧ ಬೆಲೆ ಹೇಳುತ್ತಾರೆ. ಬನಾ ಬೇಸಾ ಈಗಲೂ ಬೋಂಡ ಕರಿಯುತ್ತಾಳೆ, ಭಾನುವಾರ ಇಗರ್ಜಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬೇರೆಯವರು ಎತ್ತಿಕೊಟ್ಟದ್ದನ್ನು ಹಾಡುತ್ತಾಳೆ. ಪ್ರಾರ್ಥನೆ ಮುಗಿದ ಮೇಲೆ ಕಟೊಂಗೊನ ಫೋನು ಬರುತ್ತದೆ. ಮುಂದಿನ ಸಲ ನಿಲ್ಲಲೋ ಬೇಡವೋ ಎಂದು ಅವನು ಕೇಳುತ್ತಾನೆ. ಅವಳು ಅಲ್ಲಿ ಮಳೆ ಬಂತಾ ಎಂದು ಕೇಳುತ್ತಾಳೆ, ಅವನು ಬಂತು ಎನ್ನುತ್ತಾನೆ. ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇರುತ್ತಾರೆ.